ನವೋದಯ ಆಯ್ಕೆ ಪರೀಕ್ಷೆಗೆ ಮನೆಯಲ್ಲೇ ತಯಾರಿ

ಜವಾಹರ ನವೋದಯ ವಿದ್ಯಾಲಯದ ಆರನೇ ತರಗತಿಗೆ ಮಕ್ಕಳನ್ನು ಆರಿಸುವ ಪರೀಕ್ಷೆಯನ್ನು ಐದನೇ ತರಗತಿಯಲ್ಲಿ ಓದುತ್ತಿರುವಾಗಲೇ ಬರೆಯಬೇಕು. ಎರಡು ಗಂಟೆ ಅವಧಿ, 80 ಪ್ರಶ್ನೆ, 100 ಅಂಕ. ಆಯ್ಕೆಯಾದ ಮಗುವಿಗೆ ಹನ್ನೆರಡನೇ ತರಗತಿಯವರೆಗೆ ಸಿಬಿಎಸ್‌ಇ ಪಠ್ಯಕ್ರಮದ ಓದು, ವಸತಿ, ಊಟ, ಸಮವಸ್ತ್ರ, ಪುಸ್ತಕ ಎಲ್ಲವೂ ಉಚಿತ. ಒಂಬತ್ತನೇ ತರಗತಿಯಿಂದ ಮಾತ್ರ ತಿಂಗಳಿಗೆ 600 ರೂಪಾಯಿಯಂತೆ ವಿದ್ಯಾಲಯ ವಿಕಾಸ ನಿಧಿಗೆ ಕಟ್ಟಬೇಕು. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲ ಮಕ್ಕಳು, ಬಡತನ ರೇಖೆಗಿಂತ ಕೆಳಗಿನ ಕುಟುಂಬದವರು ಅದನ್ನೂ ಕಟ್ಟಬೇಕಿಲ್ಲ.

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶಯದಂತೆ, ಹಳ್ಳಿಯ ಪ್ರತಿಭಾವಂತ ಮಕ್ಕಳಿಗೆ ಮನೆಯ ಬಡತನ ಅಡ್ಡಿಯಾಗದೆ ಒಳ್ಳೆಯ ಶಿಕ್ಷಣ ಸಿಗಲಿ ಎಂದು ಕಟ್ಟಿದ ಶಾಲೆಗಳಿವು. 1985–86ರಲ್ಲಿ ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಎರಡು ಶಾಲೆಗಳಿಂದ ಶುರುವಾಗಿ, ಇಂದು ತಮಿಳುನಾಡೊಂದನ್ನು ಬಿಟ್ಟು ದೇಶದ ಉಳಿದೆಲ್ಲ ರಾಜ್ಯಗಳಲ್ಲೂ ಇವೆ. ಶಿವಮೊಗ್ಗದ ಗಾಜನೂರು, ಕೊಡಗಿನ ಗಾಳಿಬೀಡು, ದಕ್ಷಿಣ ಕನ್ನಡದ ಮುಡಿಪು, ಕೊಪ್ಪಳದ ಕುಕನೂರು, ಬೆಳಗಾವಿ ಜಿಲ್ಲೆಯ ಕೋಥಳಿ ಮುಂತಾದ ಊರುಗಳ ಹೆಸರು ಸುತ್ತಲಿನ ಹಳ್ಳಿಗಳಲ್ಲಿ ಈ ಶಾಲೆಗಳಿಂದಲೇ ಪರಿಚಿತ. ಒಂದು ಶಾಲೆಯ ಆರನೇ ತರಗತಿಗೆ ಹೆಚ್ಚೆಂದರೆ 80 ಮಕ್ಕಳು. ಅರ್ಜಿ ಹಾಕುವವರು ಪ್ರತಿ ಜಿಲ್ಲೆಯಲ್ಲೂ ಇದರ ಹತ್ತಾರು ಪಟ್ಟು ಇರುತ್ತಾರೆ. ಹಾಗಾಗಿ ಪೈಪೋಟಿ ಬಿರುಸಾಗಿದೆ, ಅದರ ಸುತ್ತ ಕೋಚಿಂಗ್ ವ್ಯಾಪಾರವೂ ಬೆಳೆದಿದೆ.

ಆದರೆ ಪ್ರಶ್ನೆಪತ್ರಿಕೆಯನ್ನು ಒಮ್ಮೆ ಬಿಚ್ಚಿ ನೋಡಿದರೆ ಗೊತ್ತಾಗುವ ಸಂಗತಿ ಬೇರೆ. ಅದರಲ್ಲಿ ವಿಜ್ಞಾನವಿಲ್ಲ, ಇತಿಹಾಸವಿಲ್ಲ, ಸಾಮಾನ್ಯ ಜ್ಞಾನವಿಲ್ಲ, ಇಂಗ್ಲಿಷ್ ಪರೀಕ್ಷೆಯೂ ಇಲ್ಲ. ಇರುವುದು ಚಿತ್ರ ನೋಡಿ ಯೋಚಿಸುವ ಪ್ರಶ್ನೆಗಳು, ಐದನೇ ತರಗತಿಯ ಗಣಿತ, ಓದಿ ಅರ್ಥ ಮಾಡಿಕೊಳ್ಳುವ ಭಾಷೆ, ಇಷ್ಟೇ. ಕನ್ನಡ ಶಾಲೆಯ ಮಗು ಪೂರ್ತಿ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಈ ಮೂರಕ್ಕೂ ಬೇಕಾದ ಅಭ್ಯಾಸ, ದಿನಕ್ಕೊಂದು ಗಂಟೆ ಮಗುವಿನ ಪಕ್ಕ ಕೂರುವ ಯಾರಾದರೊಬ್ಬರಿದ್ದರೆ, ಮನೆಯಲ್ಲೇ ಆಗುತ್ತದೆ. ಪಕ್ಕ ಕೂರುವವರು ಹೆಚ್ಚು ಓದಿದವರೇ ಆಗಬೇಕಿಲ್ಲ.

ಅರ್ಜಿ ಹಾಕುವ ಮುನ್ನ

ಚೆನ್ನಾಗಿ ಬರೆದು ಆಯ್ಕೆಯೂ ಆದ ಮಕ್ಕಳು ದಾಖಲೆ ಪರಿಶೀಲನೆಯಲ್ಲಿ ಸೀಟು ಕಳೆದುಕೊಳ್ಳುವುದುಂಟು. ಮಗುವಿನ ತಪ್ಪೇನೂ ಇಲ್ಲದೆ ಆಗುವ ಈ ನಷ್ಟವನ್ನು ತಡೆಯುವುದು ಸಂಪೂರ್ಣವಾಗಿ ಹೆತ್ತವರ ಕೈಯಲ್ಲಿದೆ. ಆದ್ದರಿಂದ ನಿಯಮಗಳನ್ನು ಮೊದಲು ತಿಳಿಯಬೇಕು.

ಮಗು ಯಾವ ಜಿಲ್ಲೆಯ ನವೋದಯಕ್ಕೆ ಅರ್ಜಿ ಹಾಕುತ್ತದೋ ಅದೇ ಜಿಲ್ಲೆಯ ನಿವಾಸಿಯಾಗಿರಬೇಕು, ಅದೇ ಜಿಲ್ಲೆಯ ಸರ್ಕಾರಿ, ಅನುದಾನಿತ ಅಥವಾ ಮಾನ್ಯತೆ ಪಡೆದ ಶಾಲೆಯಲ್ಲಿ ಐದನೇ ತರಗತಿ ಓದುತ್ತಿರಬೇಕು. ಕನಿಷ್ಠ 75 ಶೇಕಡಾ ಸೀಟುಗಳು ಗ್ರಾಮೀಣ ಮಕ್ಕಳಿಗೆ ಮೀಸಲು. ಗ್ರಾಮೀಣ ಎನಿಸಿಕೊಳ್ಳಲು ಮೂರು, ನಾಲ್ಕು, ಐದನೇ ತರಗತಿಗಳನ್ನು ಒಂದೊಂದು ಪೂರ್ಣ ಶೈಕ್ಷಣಿಕ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಈ ಮೂರು ತರಗತಿಗಳ ಅವಧಿಯಲ್ಲಿ ಒಂದೇ ಒಂದು ದಿನ ನಗರ ಪ್ರದೇಶದ ಶಾಲೆಯ ಹಾಜರಿಯಲ್ಲಿ ಹೆಸರಿದ್ದರೂ ಮಗು ನಗರದ ಅಭ್ಯರ್ಥಿಯಾಗುತ್ತದೆ. ‘ಕೋಚಿಂಗ್ ಚೆನ್ನಾಗಿದೆ’ ಎಂದು ನಾಲ್ಕನೇ ತರಗತಿಯಲ್ಲೇ ಮಗುವನ್ನು ಪೇಟೆಯ ಶಾಲೆಗೆ ಸೇರಿಸುವವರು, ಪಕ್ಕದ ಜಿಲ್ಲೆಯ ವಸತಿ ಕೋಚಿಂಗ್ ಕೇಂದ್ರಕ್ಕೆ ಟಿ.ಸಿ. ಸಮೇತ ಕಳಿಸುವವರು ಈ ನಿಯಮವನ್ನು ಎರಡು ಸಲ ಓದಬೇಕು. ಮುಕ್ಕಾಲು ಪಾಲು ಸೀಟುಗಳ ಮೇಲಿನ ಹಕ್ಕನ್ನು, ಕೆಲವೊಮ್ಮೆ ಸ್ವಂತ ಜಿಲ್ಲೆಯಲ್ಲಿ ಅರ್ಜಿ ಹಾಕುವ ಹಕ್ಕನ್ನೇ, ಅವರು ದುಡ್ಡು ಕೊಟ್ಟು ಕಳೆದುಕೊಂಡಿರುತ್ತಾರೆ.

ವಯಸ್ಸಿನ ಮಿತಿ ಕಟ್ಟುನಿಟ್ಟು. 2026–27ನೇ ಸಾಲಿನ ಪ್ರವೇಶಕ್ಕೆ 2014ರ ಮೇ 1ರಿಂದ 2016ರ ಜುಲೈ 31ರೊಳಗೆ ಹುಟ್ಟಿದವರು ಮಾತ್ರ ಅರ್ಹರು. ಪ್ರತಿ ವರ್ಷ ಈ ದಿನಾಂಕಗಳು ಮುಂದಕ್ಕೆ ಸರಿಯುತ್ತವೆ. ಆರನೇ ತರಗತಿಯ ಪರೀಕ್ಷೆಯನ್ನು ಒಂದು ಮಗು ಒಂದೇ ಸಲ ಬರೆಯಬಹುದು. ‘ಮತ್ತೊಂದು ವರ್ಷ ಐದನೇ ತರಗತಿಯಲ್ಲೇ ಕೂರಿಸಿ ಬರೆಸೋಣ’ ಎಂಬ ಲೆಕ್ಕ ನಡೆಯುವುದಿಲ್ಲ.

ಮೀಸಲಾತಿಯ ವಿಷಯದಲ್ಲಿ ಕರ್ನಾಟಕದ ಪೋಷಕರು ಎಡವುವ ಜಾಗವೊಂದಿದೆ. ಹಿಂದುಳಿದ ವರ್ಗಗಳಿಗೆ 27 ಶೇಕಡಾ ಮೀಸಲಾತಿ ಇರುವುದು ಕೇಂದ್ರ ಸರ್ಕಾರದ ಪಟ್ಟಿಯ ಪ್ರಕಾರ. ರಾಜ್ಯದ ಪ್ರವರ್ಗ–1, 2ಎ, 2ಬಿ, 3ಎ, 3ಬಿ ಪಟ್ಟಿಗಳಲ್ಲಿರುವ ಎಲ್ಲ ಸಮುದಾಯಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ಸಮುದಾಯ ಎರಡೂ ಕಡೆ ಇದ್ದರೂ ಪ್ರಮಾಣಪತ್ರ ಕೇಂದ್ರದ ನಮೂನೆಯಲ್ಲೇ ಇರಬೇಕು; ಶಾಲೆಯ ವಿದ್ಯಾರ್ಥಿವೇತನಕ್ಕೆಂದು ನಾಡಕಚೇರಿಯಲ್ಲಿ ಮಾಡಿಸಿದ ಜಾತಿ–ಆದಾಯ ಪತ್ರ ಇಲ್ಲಿ ಸಾಲುವುದಿಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಜಿಲ್ಲೆಯ ಜನಸಂಖ್ಯೆಗೆ ತಕ್ಕಂತೆ ಸೀಟು ಮೀಸಲಿರುತ್ತದೆ, ಒಟ್ಟು ಸೀಟುಗಳಲ್ಲಿ ಮೂರನೇ ಒಂದು ಪಾಲು ಹೆಣ್ಣುಮಕ್ಕಳಿಗೆ.

ಅರ್ಜಿ ನವೋದಯ ವಿದ್ಯಾಲಯ ಸಮಿತಿಯ ಜಾಲತಾಣದಲ್ಲಿ, ಆನ್‌ಲೈನ್‌ನಲ್ಲಿ ಮಾತ್ರ. ಶುಲ್ಕವಿಲ್ಲ. ಇತ್ತೀಚೆಗೆ ಬೇಸಿಗೆ ರಜೆ ಮುಗಿಯುವ ಹೊತ್ತಿಗೋ ಮಳೆಗಾಲದ ಶುರುವಿಗೋ ಅರ್ಜಿ ಕರೆಯುತ್ತಾರೆ. ಮುಖ್ಯ ಶಿಕ್ಷಕರು ಸಹಿ ಮಾಡಿದ ನಿಗದಿತ ನಮೂನೆಯ ಪ್ರಮಾಣಪತ್ರ, ಮಗುವಿನ ಫೋಟೊ, ಮಗು ಮತ್ತು ಪೋಷಕರ ಸಹಿ, ಆಧಾರ್ ಅಥವಾ ವಾಸಸ್ಥಳದ ದಾಖಲೆ ಬೇಕಾಗುತ್ತವೆ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಕಾಗುಣಿತ, ಜನನ ಪ್ರಮಾಣಪತ್ರದಲ್ಲಿ ಬೇರೆ ದಿನಾಂಕ ಇರುವುದು ನಮ್ಮ ಹಳ್ಳಿಗಳಲ್ಲಿ ತೀರ ಸಾಮಾನ್ಯ. ಮಗು ನಾಲ್ಕನೇ ತರಗತಿಯಲ್ಲಿರುವಾಗಲೇ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡಿ ಸರಿಪಡಿಸಿಕೊಂಡರೆ ಕೊನೆಯ ದಿನ ಸೈಬರ್ ಸೆಂಟರಿನಲ್ಲಿ ಒದ್ದಾಡುವುದು ತಪ್ಪುತ್ತದೆ.

ಅರ್ಜಿಯಲ್ಲಿ ಪರೀಕ್ಷೆಯ ಮಾಧ್ಯಮವನ್ನೂ ಆರಿಸಬೇಕು, ತಿದ್ದುಪಡಿಗೆ ಕೊಡುವ ಅವಧಿ ಮುಗಿದ ಮೇಲೆ ಬದಲಾಯಿಸಲಾಗದು. ಆರಿಸಿದ ಭಾಷೆಯಲ್ಲೇ ಗಣಿತದ ಲೆಕ್ಕಗಳೂ ಇರುತ್ತವೆ. ಕನ್ನಡ ಮಾಧ್ಯಮದ ಮಗುವಿಗೆ ಇಂಗ್ಲಿಷ್ ಆರಿಸುವುದರಿಂದ ಯಾವ ಹೆಚ್ಚುಗಾರಿಕೆಯೂ ಸಿಗುವುದಿಲ್ಲ. ಗೊತ್ತಿದ್ದ ಲೆಕ್ಕವೇ ಅರ್ಥವಾಗದೆ ಹೋಗುತ್ತದೆ. ಹಾಗೆಯೇ ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಗು ಮನೆಯಲ್ಲಿ ಕನ್ನಡ ಮಾತಾಡುತ್ತದೆಂಬ ಕಾರಣಕ್ಕೆ ಕನ್ನಡ ಆರಿಸಿದರೆ ‘ಅಪವರ್ತ್ಯ’, ‘ಸುತ್ತಳತೆ’ಯಂಥ ಪದಗಳಲ್ಲಿ ತಡವರಿಸಬಹುದು. ತರಗತಿಯಲ್ಲಿ ಗಣಿತ ಕಲಿತ ಭಾಷೆಯೇ ಸರಿಯಾದ ಆಯ್ಕೆ.

ಆಕೃತಿಗಳ ಪ್ರಶ್ನೆ

ಪತ್ರಿಕೆಯ ಅರ್ಧ ಅಂಕ ಮಾನಸಿಕ ಸಾಮರ್ಥ್ಯದ ಭಾಗಕ್ಕೆ: 40 ಪ್ರಶ್ನೆ, 50 ಅಂಕ. ಪೂರ್ತಿ ಚಿತ್ರಗಳೇ, ಓದಲು ಮೇಲಿನ ಸೂಚನೆಯ ಸಾಲಷ್ಟೇ. ಹತ್ತು ಬಗೆಯ ಪ್ರಶ್ನೆಗಳು, ಒಂದೊಂದು ಬಗೆಯಲ್ಲಿ ನಾಲ್ಕು: ಗುಂಪಿಗೆ ಸೇರದ ಚಿತ್ರ, ತದ್ರೂಪ ಚಿತ್ರ, ವಿನ್ಯಾಸ ಪೂರ್ತಿ ಮಾಡುವುದು, ಸರಣಿಯ ಮುಂದಿನ ಚಿತ್ರ, ಸಂಬಂಧ ಗುರುತಿಸುವುದು, ತ್ರಿಕೋನ–ಚೌಕ–ವೃತ್ತ ಪೂರ್ತಿಗೊಳಿಸುವುದು, ಕನ್ನಡಿ ಬಿಂಬ, ಮಡಿಸಿ ತೂತು ಮಾಡಿದ ಕಾಗದ, ಬಿಡಿ ತುಂಡುಗಳಿಂದ ಆಕೃತಿ ಕಟ್ಟುವುದು, ಅಡಗಿರುವ ಆಕೃತಿ.

ಇದು ಶಾಲೆಯಲ್ಲಿ ಕಲಿಸದ ಭಾಗವಾದ್ದರಿಂದ ಹೆತ್ತವರಿಗೆ ಹೆಚ್ಚು ಅಂಜಿಕೆ. ವಾಸ್ತವದಲ್ಲಿ ಅಭ್ಯಾಸದಿಂದ ಬೇಗ ಸುಧಾರಿಸುವುದು ಇದೇ ಭಾಗ, ಆದರೆ ಅಭ್ಯಾಸ ಪುಸ್ತಕದಿಂದ ಶುರುವಾಗಬಾರದು, ಕೈಯಿಂದ ಶುರುವಾಗಬೇಕು. ಮಡಿಸಿದ ಕಾಗದದ ಪ್ರಶ್ನೆಯನ್ನೇ ನೋಡೋಣ. ಹಳೆಯ ಪತ್ರಿಕೆಯ ಚೌಕ ತುಂಡೊಂದನ್ನು ಎಡದಿಂದ ಬಲಕ್ಕೆ ಒಮ್ಮೆ, ಮೇಲಿನಿಂದ ಕೆಳಕ್ಕೆ ಒಮ್ಮೆ ಮಡಿಸಿ, ಒಂದು ಮೂಲೆಯ ಹತ್ತಿರ ಪೆನ್ನಿನ ತುದಿಯಿಂದ ತೂತು ಮಾಡಬೇಕು. ಬಿಚ್ಚುವ ಮೊದಲು ‘ಎಷ್ಟು ತೂತು, ಎಲ್ಲೆಲ್ಲಿ?’ ಎಂದು ಮಗುವಿನ ಕೈಯಲ್ಲಿ ಸ್ಲೇಟಿನ ಮೇಲೆ ಬರೆಸಿ, ಆಮೇಲೆ ಬಿಚ್ಚಿ ತೋರಿಸಬೇಕು. ಪ್ರತಿ ಮಡಿಕೆಗೂ ತೂತು ಇಮ್ಮಡಿಯಾಗುತ್ತದೆ, ಮಡಿಕೆಯ ಗೆರೆಯಿಂದ ಎರಡೂ ಕಡೆ ಸಮದೂರದಲ್ಲಿ ಬೀಳುತ್ತದೆ ಎಂಬುದನ್ನು ಮಗು ತಾನೇ ಕಂಡುಕೊಳ್ಳುತ್ತದೆ. ಬಿಚ್ಚುವಾಗ ಕೊನೆಯ ಮಡಿಕೆಯಿಂದ ಹಿಂದಕ್ಕೆ ಬರಬೇಕು. ಎರಡು ವಾರ ಹೀಗೆ ಕಾಗದ ಹರಿದ ಮಗುವಿಗೆ ಆಮೇಲೆ ಕಾಗದ ಬೇಕಾಗುವುದಿಲ್ಲ, ಮಡಿಕೆ ಮನಸ್ಸಿನಲ್ಲೇ ಬಿಚ್ಚಿಕೊಳ್ಳುತ್ತದೆ.

ಕನ್ನಡಿ ಬಿಂಬಕ್ಕೆ ಗೋಡೆಯ ಕನ್ನಡಿ ಸಾಕು. ಪಕ್ಕದಲ್ಲಿ ನಿಲ್ಲಿಸಿದ ಕನ್ನಡಿಯಲ್ಲಿ ಎಡ–ಬಲ ಅದಲುಬದಲಾಗುತ್ತದೆ, ಮೇಲೆ–ಕೆಳಗೆ ಹಾಗೇ ಉಳಿಯುತ್ತದೆ. ಕನ್ನಡಿ ಕೈಗೆ ಸಿಗದ ಕಡೆ ತೆಳು ಕಾಗದದ ಮೇಲೆ ಚಿತ್ರ ಬರೆದು, ತಿರುವಿ, ದೀಪಕ್ಕೆ ಹಿಡಿದು ನೋಡಬಹುದು. ವಿನ್ಯಾಸ ಪೂರ್ತಿ ಮಾಡುವ ಪ್ರಶ್ನೆಗೆ ನಮ್ಮ ಅಂಗಳದ ಚುಕ್ಕಿ ರಂಗೋಲಿಗಿಂತ ಒಳ್ಳೆಯ ಪಾಠವಿಲ್ಲ. ಅಮ್ಮನೋ ಅಜ್ಜಿಯೋ ಹಾಕಿದ ರಂಗೋಲಿಯ ಕಾಲು ಭಾಗ ಅಳಿಸಿ, ಉಳಿದ ಮುಕ್ಕಾಲನ್ನು ನೋಡಿ ಪೂರ್ತಿ ಮಾಡಲು ಹೇಳಿದರೆ ಪರೀಕ್ಷೆ ಕೇಳುವುದನ್ನೇ ಮಗು ನೆಲದ ಮೇಲೆ ಮಾಡುತ್ತದೆ. ಹಳೆಯ ಲಗ್ನಪತ್ರಿಕೆಯ ರಟ್ಟನ್ನು ಚೌಕವಾಗಿ ಕತ್ತರಿಸಿ ಮೂರು–ನಾಲ್ಕು ತುಂಡು ಮಾಡಿ ಜೋಡಿಸಲು ಕೊಡುವುದೂ ಹೀಗೆಯೇ. ಗುಂಪಿಗೆ ಸೇರದ ಚಿತ್ರ ಮತ್ತು ಸರಣಿಗಳಲ್ಲಿ ನೋಡಬೇಕಾದ್ದನ್ನು ಕ್ರಮವಾಗಿ ಕಲಿಸಬೇಕು: ಗೆರೆಗಳ ಸಂಖ್ಯೆ, ತಿರುಗಿದ ದಿಕ್ಕು, ತುಂಬಿದ ಬಣ್ಣ, ಒಳಗಿನ ಚಿಕ್ಕ ಆಕಾರದ ಜಾಗ. ಒಂದರಲ್ಲಿ ಉತ್ತರ ಸಿಗದಿದ್ದರೆ ಮುಂದಿನದಕ್ಕೆ ಹೋಗುವ ಅಭ್ಯಾಸವಾದರೆ ಸುಮ್ಮನೆ ದಿಟ್ಟಿಸಿ ಕೂರುವುದು ನಿಲ್ಲುತ್ತದೆ. ಅಡಗಿದ ಆಕೃತಿ ಹುಡುಕುವಾಗ ಅದು ತಿರುಗಿರುವುದಿಲ್ಲ, ಕೊಟ್ಟ ದಿಕ್ಕಿನಲ್ಲೇ ಇರುತ್ತದೆ ಎಂಬುದನ್ನು ನೆನಪಿಸಿದರೆ ಸಾಕು.

ಗಣಿತ

20 ಪ್ರಶ್ನೆ, 25 ಅಂಕ. ಆಯ್ಕೆಯಾಗುವ ಮತ್ತು ಸ್ವಲ್ಪದರಲ್ಲಿ ತಪ್ಪಿಹೋಗುವ ಮಕ್ಕಳ ನಡುವಿನ ಅಂತರ ಹೆಚ್ಚಾಗಿ ಹುಟ್ಟುವುದು ಇಲ್ಲೇ. ಆಕೃತಿಗಳಲ್ಲಿ ತಯಾರಾದ ಮಕ್ಕಳೆಲ್ಲ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬರುತ್ತಾರೆ, ಗಣಿತದಲ್ಲಿ ಹಾಗಾಗುವುದಿಲ್ಲ. ಸಂಖ್ಯೆಗಳ ಸ್ಥಾನಬೆಲೆ, ನಾಲ್ಕು ಮೂಲಕ್ರಿಯೆಗಳು, ಅಪವರ್ತನ–ಅಪವರ್ತ್ಯ, ಲಸಾಅ (ಲಘುತಮ ಸಾಮಾನ್ಯ ಅಪವರ್ತ್ಯ) ಮತ್ತು ಮಸಾಅ (ಮಹತ್ತಮ ಸಾಮಾನ್ಯ ಅಪವರ್ತನ), ಭಿನ್ನರಾಶಿ, ದಶಮಾಂಶ, ಉದ್ದ–ತೂಕ–ಕಾಲ–ಹಣದ ಅಳತೆ, ಸಂಕ್ಷೇಪಿಸುವುದು, ಲಾಭ–ನಷ್ಟ, ಸುತ್ತಳತೆ ಮತ್ತು ವಿಸ್ತೀರ್ಣ ಇದರ ಹೂರಣ. ಪಠ್ಯಕ್ರಮದಲ್ಲಿ ಆಗಾಗ ಸಣ್ಣ ಬದಲಾವಣೆಗಳಾಗುವುದರಿಂದ ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನೇ ನಂಬಬೇಕು, ಅಂಗಡಿಯ ಹಳೆಯ ಗೈಡನ್ನಲ್ಲ.

ಮಗ್ಗಿ 20ರವರೆಗೆ ತಡೆಯಿಲ್ಲದೆ ಬಾಯಿಗೆ ಬರಬೇಕು. ಇದನ್ನು ಹಳೆಯ ಕಾಲದ ಪದ್ಧತಿ ಎಂದು ತಳ್ಳಿಹಾಕುವವರಿದ್ದಾರೆ. ಕ್ಯಾಲ್ಕುಲೇಟರ್ ಇಲ್ಲದೆ, ಪ್ರಶ್ನೆಗೆ ಒಂದೂವರೆ ನಿಮಿಷದಲ್ಲಿ ಭಿನ್ನರಾಶಿ ಬಿಡಿಸಬೇಕಾದ ಮಗುವಿಗೆ ಮಗ್ಗಿ ಬಾಯಿಗೆ ಬಾರದಿದ್ದರೆ ಯಾವ ಸುಲಭೋಪಾಯವೂ ನೆರವಾಗದು. ಆದರೆ ಮಗ್ಗಿ, ಕೂಡು–ಕಳೆ ಗಟ್ಟಿಯಾದ ಮೇಲೆ ನಿಜವಾದ ಕೆಲಸ ಇರುವುದು ಪ್ರಶ್ನೆಯನ್ನು ಓದುವುದರಲ್ಲಿ. ಒಂದು ಲೆಕ್ಕ ನೋಡಿ:

‘ವ್ಯಾಪಾರಿಯೊಬ್ಬ 40 ತೆಂಗಿನಕಾಯಿಗಳನ್ನು 1,000 ರೂಪಾಯಿಗೆ ಕೊಂಡ. ಅವುಗಳಲ್ಲಿ 4 ಕೆಟ್ಟುಹೋದವು. ಉಳಿದವನ್ನು ಒಂದಕ್ಕೆ 32 ರೂಪಾಯಿಯಂತೆ ಮಾರಿದರೆ ಅವನಿಗೆ ಬಂದ ಲಾಭವೆಷ್ಟು?’

ಆಯ್ಕೆಗಳು 280, 252, 152, 1,152 ಎಂದಿರಲಿ. 36 ಕಾಯಿ ಮಾರಿ ಬಂದದ್ದು 1,152, ಹಾಕಿದ್ದು 1,000, ಲಾಭ 152. ಕೆಟ್ಟ ಕಾಯಿಯನ್ನು ಮರೆತ ಮಗುವಿಗೆ 280 ಬರುತ್ತದೆ. ಒಂದು ಕಾಯಿಗೆ 25 ಬಿದ್ದಿದೆ, 32ಕ್ಕೆ ಮಾರಿದರೆ 7 ಲಾಭ, 36ರಿಂದ ಗುಣಿಸಿದರೆ ಆಯಿತು ಎಂದು ಚುರುಕಾಗಿ ಯೋಚಿಸಿದ ಮಗು 252ಕ್ಕೆ ಬಂದು ನಿಲ್ಲುತ್ತದೆ. ಕೆಟ್ಟ ನಾಲ್ಕು ಕಾಯಿಗೆ ಕೊಟ್ಟ 100 ರೂಪಾಯಿಯನ್ನು ಅದು ಬಿಟ್ಟಿದೆ. ಮಾರಿದ ದುಡ್ಡನ್ನೇ ಲಾಭ ಎಂದುಕೊಂಡರೆ 1,152. ಮೂರು ತಪ್ಪು ಆಯ್ಕೆಗಳೂ ಮಗು ಎಡವುವ ಮೂರು ಜಾಗಗಳನ್ನು ಲೆಕ್ಕ ಹಾಕಿಯೇ ಇಟ್ಟವು. ತನಗೆ ಬಂದ ಉತ್ತರ ಆಯ್ಕೆಗಳಲ್ಲಿ ಇದೆ ಎಂದ ಮಾತ್ರಕ್ಕೆ ಅದು ಸರಿಯಲ್ಲ ಎಂಬುದನ್ನು ಮಗುವಿಗೆ ಇಂಥ ಲೆಕ್ಕಗಳಿಂದಲೇ ಮನಗಾಣಿಸಬೇಕು. ತಪ್ಪಾದಾಗ ‘ಇದು ತಪ್ಪು, ಸರಿ ಉತ್ತರ ಇದು’ ಎಂದು ಮುಗಿಸುವ ಬದಲು ‘252 ಹೇಗೆ ಬಂತು, ಹೇಳು’ ಎಂದು ಕೇಳಿದರೆ ಮಗು ಅರ್ಧ ಹೇಳುವಷ್ಟರಲ್ಲೇ ತನ್ನ ತಪ್ಪನ್ನು ಹಿಡಿಯುತ್ತದೆ.

ಲಸಾಅ ಮತ್ತು ಮಸಾಅ ಮಕ್ಕಳನ್ನು ಕಾಡುವ ಇನ್ನೊಂದು ಜಾಗ. ಲೆಕ್ಕ ಮಾಡಲು ಬರುತ್ತದೆ, ಯಾವುದನ್ನು ಮಾಡಬೇಕೆಂದು ಗೊತ್ತಾಗುವುದಿಲ್ಲ. ಮೂರು ಬಸ್ಸುಗಳು 12, 15, 20 ನಿಮಿಷಕ್ಕೊಮ್ಮೆ ಹೊರಡುತ್ತವೆ, ಈಗ ಒಟ್ಟಿಗೆ ಹೊರಟರೆ ಮತ್ತೆ ಯಾವಾಗ ಒಟ್ಟಿಗೆ ಹೊರಡುತ್ತವೆ ಎಂದರೆ ಉತ್ತರ ಕೊಟ್ಟ ಸಂಖ್ಯೆಗಳಿಗಿಂತ ದೊಡ್ಡದೇ ಇರಬೇಕು, ಆದ್ದರಿಂದ ಲಸಾಅ, 60 ನಿಮಿಷ. 36 ಮತ್ತು 48 ಲೀಟರಿನ ಎರಡು ಹಾಲಿನ ಕ್ಯಾನುಗಳನ್ನು ಪೂರ್ತಿ ಅಳೆಯಬಲ್ಲ ಅತಿ ದೊಡ್ಡ ಅಳತೆಪಾತ್ರೆ ಯಾವುದು ಎಂದರೆ ಪಾತ್ರೆ ಕ್ಯಾನಿಗಿಂತ ದೊಡ್ಡದಿರಲು ಸಾಧ್ಯವಿಲ್ಲ, ಆದ್ದರಿಂದ ಮಸಾಅ, 12 ಲೀಟರ್. ಉತ್ತರ ದೊಡ್ಡದಿರಬೇಕೋ ಚಿಕ್ಕದಿರಬೇಕೋ ಎಂದು ಮೊದಲು ಯೋಚಿಸುವ ಈ ರೂಢಿ ಉಳಿದ ಲೆಕ್ಕಗಳಲ್ಲೂ ಕೈಹಿಡಿಯುತ್ತದೆ.

ಭಿನ್ನರಾಶಿಯನ್ನು ಬೇಗ ಮುಗಿಸಲು ಹೋಗಬಾರದು. ಅರ್ಧ, ಕಾಲು, ಮುಕ್ಕಾಲು ಮಗುವಿಗೆ ಸಂತೆಯಿಂದಲೇ ಗೊತ್ತು. ಕಾಲು ಕಿಲೋ ಎಂದರೆ 250 ಗ್ರಾಂ, ಅಂದರೆ 0.25 ಕಿಲೋ ಎಂಬ ಒಂದೇ ಎಳೆಯಿಂದ ಭಿನ್ನರಾಶಿ, ದಶಮಾಂಶ, ಅಳತೆ ಮೂರನ್ನೂ ಪೋಣಿಸಬಹುದು. ಅಂಗಡಿಗೆ ಹೋದಾಗ ಬಿಲ್ಲನ್ನು ಮಗುವಿನ ಕೈಗೆ ಕೊಟ್ಟು ಚಿಲ್ಲರೆ ಲೆಕ್ಕ ಹಾಕಿಸುವುದು ಇಲ್ಲಿ ನಿಜಕ್ಕೂ ಫಲ ಕೊಡುವ ಅಭ್ಯಾಸ.

ಭಾಷೆ

ನಾಲ್ಕು ಗದ್ಯಭಾಗಗಳು, ಒಂದೊಂದಕ್ಕೆ ಐದು ಪ್ರಶ್ನೆ, ಒಟ್ಟು 25 ಅಂಕ. ‘ಕನ್ನಡ ತಾನೇ, ಬರುತ್ತದೆ’ ಎಂದು ಬಿಟ್ಟುಬಿಡುವ ಭಾಗವಿದು, ಅದಕ್ಕಾಗಿಯೇ ಇಲ್ಲಿ ಅಂಕ ಸೋರುತ್ತದೆ. ಮಕ್ಕಳು ಉತ್ತರವನ್ನು ಗದ್ಯದಲ್ಲಿ ಹುಡುಕದೆ ತಮಗೆ ಗೊತ್ತಿದ್ದುದರಿಂದ ಹೇಳುತ್ತಾರೆ. ‘ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಊರಿನವರು ಹೂಳು ತೆಗೆದು ಗದ್ದೆಗಳಿಗೆ ಹಾಕಿದರು. ಆ ಮಳೆಗಾಲ ಕೆರೆಯಲ್ಲಿ ಮೊದಲಿಗಿಂತ ಹೆಚ್ಚು ನೀರು ನಿಂತಿತು’ ಎಂಬ ಎರಡು ಸಾಲು ಕೊಟ್ಟು, ಹೆಚ್ಚು ನೀರು ನಿಲ್ಲಲು ಕಾರಣವೇನು ಎಂದು ಕೇಳಿದರೆ ಬಹಳ ಮಕ್ಕಳು ‘ಮಳೆ ಜಾಸ್ತಿ ಬಂತು’ ಎಂಬ ಆಯ್ಕೆಗೆ ಗುರುತು ಹಾಕುತ್ತಾರೆ. ಮಳೆ ಜಾಸ್ತಿ ಬಂತೆಂದು ಗದ್ಯ ಎಲ್ಲೂ ಹೇಳಿಲ್ಲ, ಹೂಳು ತೆಗೆದರೆಂದು ಹೇಳಿದೆ. ಪ್ರತಿ ಉತ್ತರಕ್ಕೂ ‘ಯಾವ ಸಾಲಿನಲ್ಲಿದೆ, ಬೆರಳಿಟ್ಟು ತೋರಿಸು’ ಎಂದು ಕೇಳುತ್ತ ಹೋದರೆ ಈ ದೋಷ ಕೆಲವೇ ವಾರಗಳಲ್ಲಿ ಕಳೆಯುತ್ತದೆ.

ದಿನಕ್ಕೊಂದು ಪುಟ ಗಟ್ಟಿಯಾಗಿ ಓದಿಸಬೇಕು. ಶಾಲೆಯ ಗ್ರಂಥಾಲಯದ ಕಥೆ ಪುಸ್ತಕ, ಪತ್ರಿಕೆಯ ಮಕ್ಕಳ ಪುರವಣಿ, ಪಂಚಾಯಿತಿ ಗ್ರಂಥಾಲಯದಲ್ಲಿ ಸಿಗುವ ಯಾವುದೂ ಆದೀತು. ಓದಿದ ಮೇಲೆ ಕೇಳಬೇಕಾದ್ದು ಹೆಚ್ಚೇನಿಲ್ಲ: ಏನಾಯಿತು, ಏಕಾಯಿತು, ಈ ಪದದ ಅರ್ಥವೇನು, ಇದರ ವಿರುದ್ಧ ಪದವೇನು, ಇದಕ್ಕೆ ಹೆಸರಿಡುವುದಾದರೆ ಏನಿಡುತ್ತೀ. ಅಕ್ಷರ ಬಾರದ ತಾಯಿಯೂ ಮಗು ಓದಿದ್ದನ್ನು ಕೇಳಿ ಈ ಪ್ರಶ್ನೆಗಳನ್ನು ಹಾಕಬಲ್ಲಳು. ಪರೀಕ್ಷೆಯಲ್ಲಿ ಮೊದಲು ಪ್ರಶ್ನೆಗಳ ಮೇಲೆ ಕಣ್ಣಾಡಿಸಿ ಆಮೇಲೆ ಗದ್ಯ ಓದುವುದು ಕೆಲವು ಮಕ್ಕಳಿಗೆ ಒಗ್ಗುತ್ತದೆ, ಕೆಲವರಿಗೆ ಗಲಿಬಿಲಿ ತರುತ್ತದೆ. ಎರಡೂ ಬಗೆಯಲ್ಲಿ ಬರೆಸಿ ನೋಡಿ ಮಗುವಿಗೆ ಹೊಂದುವುದನ್ನು ಉಳಿಸಿಕೊಳ್ಳಬೇಕು.

ತಿಂಗಳುಗಳ ಲೆಕ್ಕ

ಕರ್ನಾಟಕದ ಮಕ್ಕಳು ಬರೆಯುವ ಪರೀಕ್ಷೆ 2025ರಲ್ಲಿ ಜನವರಿ 18ರಂದು ನಡೆದಿತ್ತು. ಮುಂದಿನ ಸಾಲಿಗೆ ಅದು 2025ರ ಡಿಸೆಂಬರ್ 13ಕ್ಕೆ ಬಂತು. ಡಿಸೆಂಬರ್ ಮೊದಲ ವಾರಕ್ಕೆ ಎಲ್ಲ ಮುಗಿದಿರುವಂತೆ ಯೋಜಿಸುವುದೇ ಕ್ಷೇಮ. ಜೂನ್‌ನಿಂದ ಆಗಸ್ಟ್‌ವರೆಗೆ ಗಣಿತದ ತಳಪಾಯ, ಕೈಯಾರೆ ಮಾಡುವ ಆಕೃತಿ ಅಭ್ಯಾಸ, ದಿನದ ಓದು. ದಸರಾ ರಜೆಯ ಹೊತ್ತಿಗೆ ಪಠ್ಯಕ್ರಮ ಒಂದು ಸುತ್ತು ಮುಗಿದಿರಬೇಕು. ಆಮೇಲಿನ ವಾರಗಳು ಹಳೆಯ ಪ್ರಶ್ನೆಪತ್ರಿಕೆಗಳಿಗೆ. ಬೆಳಿಗ್ಗೆ ಅರ್ಧ ಗಂಟೆ ಗಣಿತ, ಸಂಜೆ ಆಟವಾಡಿ ಬಂದ ಮೇಲೆ ಅರ್ಧ ಗಂಟೆ ಆಕೃತಿ ಮತ್ತು ಓದು ಸಾಕು. ಹತ್ತು ವರ್ಷದ ಮಗುವನ್ನು ರಾತ್ರಿ ಹತ್ತರವರೆಗೆ ಕೂರಿಸಿದರೆ ಮರುದಿನದ ಶಾಲೆಯೂ ಹಾಳು, ಕಲಿತದ್ದೂ ನಿಲ್ಲುವುದಿಲ್ಲ.

ಅಕ್ಟೋಬರ್‌ನಿಂದ ವಾರಕ್ಕೊಂದು ಪೂರ್ಣ ಪತ್ರಿಕೆಯನ್ನು, ಭಾನುವಾರ ಬೆಳಿಗ್ಗೆ ಹನ್ನೊಂದೂವರೆಗೆ, ಪರೀಕ್ಷೆ ಶುರುವಾಗುವ ಹೊತ್ತಿಗೇ, ಎರಡು ಗಂಟೆ ಎಬ್ಬಿಸದೆ ಬರೆಸಬೇಕು. ಅಂಕ ಎಣಿಸುವುದಕ್ಕಿಂತ ತಪ್ಪುಗಳನ್ನು ವಿಂಗಡಿಸುವುದು ಮುಖ್ಯ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ತಪ್ಪಿನ ಎದುರಿಗೆ ಕಾರಣ ಬರೆಯಬೇಕು: ಗೊತ್ತಿರಲಿಲ್ಲ, ಪ್ರಶ್ನೆ ತಪ್ಪಾಗಿ ಓದಿದೆ, ಲೆಕ್ಕ ತಪ್ಪಿತು, ಉತ್ತರ ಗೊತ್ತಿದ್ದೂ ತಪ್ಪು ವೃತ್ತ ತುಂಬಿದೆ. ನಾಲ್ಕೈದು ಪತ್ರಿಕೆಗಳಾದ ಮೇಲೆ ಯಾವ ಕಾರಣ ಹೆಚ್ಚು ಎಂಬುದು ಕಣ್ಣಿಗೆ ಕಾಣುತ್ತದೆ. ಗೊತ್ತಿರಲಿಲ್ಲ ಎಂಬುದಕ್ಕೆ ಮತ್ತೆ ಪಾಠ ಹೇಳಬೇಕು, ಉಳಿದ ಮೂರಕ್ಕೆ ಪಾಠ ಹೇಳಿ ಪ್ರಯೋಜನವಿಲ್ಲ, ನಿಧಾನ ಕಲಿಸಬೇಕು.

ವೃತ್ತ ತುಂಬಿ ಉತ್ತರಿಸುವ ಓಎಂಆರ್ ಹಾಳೆಯನ್ನು ಹಳ್ಳಿಯ ಮಗು ಮೊದಲ ಸಲ ನೋಡುವುದು ಪರೀಕ್ಷಾ ಕೊಠಡಿಯಲ್ಲಿ ಆಗಬಾರದು. ಮಾದರಿ ಹಾಳೆಯ ಜೆರಾಕ್ಸ್ ಪ್ರತಿಗಳನ್ನು ಮಾಡಿಸಿ ಪ್ರತಿ ಭಾನುವಾರ ಅದರಲ್ಲೇ ಬರೆಸಬೇಕು. ನೀಲಿ ಅಥವಾ ಕಪ್ಪು ಬಾಲ್ ಪೆನ್ ಮಾತ್ರ, ಪೆನ್ಸಿಲ್ ನಿಷಿದ್ಧ. ಒಮ್ಮೆ ತುಂಬಿದ ವೃತ್ತವನ್ನು ಬದಲಾಯಿಸುವಂತಿಲ್ಲ, ಅಳಿಸುವಂತಿಲ್ಲ, ವೈಟ್ನರ್ ಹಚ್ಚುವಂತಿಲ್ಲ. ಶಾಲೆಯಲ್ಲಿ ಪೆನ್ಸಿಲ್–ರಬ್ಬರ್‌ಗೆ ಒಗ್ಗಿದ ಬೆರಳುಗಳಿಗೆ ಇದು ದೊಡ್ಡ ಬದಲಾವಣೆ. ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದಾಗ ಹಾಳೆಯಲ್ಲೂ ಆ ಸಾಲನ್ನು ಬಿಡದಿದ್ದರೆ ಅಲ್ಲಿಂದಾಚೆಯ ಎಲ್ಲ ಉತ್ತರಗಳೂ ಒಂದೊಂದು ಮನೆ ಮೇಲೇರುತ್ತವೆ. ಪುಸ್ತಿಕೆಯ ಒಂದೊಂದು ಪುಟ ಮುಗಿದಾಗಲೂ ಪ್ರಶ್ನೆಯ ಸಂಖ್ಯೆ ಮತ್ತು ಹಾಳೆಯ ಸಂಖ್ಯೆಯನ್ನು ತಾಳೆ ನೋಡುವುದು ಇದಕ್ಕೆ ಮದ್ದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಕೊನೆಯ ಐದು ನಿಮಿಷದಲ್ಲಿ ಯಾವ ಸಾಲನ್ನೂ ಖಾಲಿ ಬಿಡಬಾರದು. ಪ್ರತಿ ಭಾಗಕ್ಕೆ ಸೂಚಿಸಿದ ಸಮಯ ಮಾನಸಿಕ ಸಾಮರ್ಥ್ಯಕ್ಕೆ ಒಂದು ಗಂಟೆ, ಉಳಿದೆರಡಕ್ಕೆ ಅರ್ಧರ್ಧ ಗಂಟೆ. ಆಕೃತಿಗಳಲ್ಲಿ ಪಳಗಿದ ಮಗು ಅಲ್ಲಿ ಉಳಿಸಿದ ಹತ್ತು ನಿಮಿಷವನ್ನು ಗಣಿತಕ್ಕೆ ಕೊಡಬಹುದು.

ಕೋಚಿಂಗ್ ಬೇಕೇ?

ಹಲವು ಸರ್ಕಾರಿ ಶಾಲೆಗಳಲ್ಲಿ ಶಿಕ್ಷಕರೇ ಶಾಲೆ ಬಿಟ್ಟ ಮೇಲೆ ನವೋದಯ ತರಗತಿ ನಡೆಸುತ್ತಾರೆ, ಒಂದು ಪೈಸೆ ತೆಗೆದುಕೊಳ್ಳದೆ. ಮೊದಲು ಕೇಳಬೇಕಾದ್ದು ಅವರನ್ನು. ಊರಲ್ಲೇ ಇರುವ ಸಂಜೆಯ ಟ್ಯೂಷನ್ ಕೂಡ, ಅಲ್ಲಿ ತಪ್ಪನ್ನು ಬಿಡಿಸಿ ಹೇಳುವವರಿದ್ದರೆ, ಒಳ್ಳೆಯದೇ. ಒಂಬತ್ತು–ಹತ್ತು ವರ್ಷದ ಮಕ್ಕಳನ್ನು ವರ್ಷಗಟ್ಟಲೆ ಮನೆಯಿಂದ ದೂರವಿಟ್ಟು ನಸುಕಿನಿಂದ ರಾತ್ರಿಯವರೆಗೆ ಪ್ರಶ್ನೆಪತ್ರಿಕೆ ಬಿಡಿಸುವ ವಸತಿ ಕೇಂದ್ರಗಳು ಈ ಪರೀಕ್ಷೆಗೆ ಅಗತ್ಯವಿಲ್ಲ. ಪರೀಕ್ಷೆ ಕೇಳುವುದು ಅಷ್ಟನ್ನಲ್ಲ, ಮಗು ತೆರುವ ಬೆಲೆ ದೊಡ್ಡದು. ‘ಸೀಟು ಗ್ಯಾರಂಟಿ’ ಎಂಬ ಜಾಹೀರಾತನ್ನು ಎಲ್ಲಿ ಕಂಡರೂ ಅಲ್ಲಿಂದ ಎದ್ದು ಬರಬೇಕು. ನವೋದಯದಲ್ಲಿ ದುಡ್ಡಿಗೆ ಸಿಗುವ ಸೀಟು ಎಂಬುದಿಲ್ಲ. ಕೊಡಿಸುತ್ತೇನೆ ಎನ್ನುವವರು ಮೋಸಗಾರರು.

ಮಗುವಿನ ಮನಸ್ಸು, ಮನೆಯ ಮಾತು

ಒಂದೇ ಅವಕಾಶ ಎಂಬುದು ಹೆತ್ತವರಿಗೆ ಗೊತ್ತಿದ್ದರೆ ಸಾಕು, ಮಗುವಿಗೆ ಅದನ್ನು ದಿನಾ ಹೇಳುವ ಅಗತ್ಯವಿಲ್ಲ. ಅಣ್ಣನ ಮಗ ಪಾಸಾದ, ಪಕ್ಕದ ಮನೆಯ ಹುಡುಗಿ ಪಾಸಾದಳು ಎಂಬ ಹೋಲಿಕೆ ಪರೀಕ್ಷೆಯ ಹಿಂದಿನ ತಿಂಗಳು ಮಗುವಿನ ಕೈಕಾಲು ತಣ್ಣಗಾಗಿಸುತ್ತದೆ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ: ಮಗುವಿಗೆ ಹೋಗಲು ಇಷ್ಟವಿದೆಯೇ? ಆಯ್ಕೆಯಾದರೆ ಹನ್ನೊಂದನೇ ವಯಸ್ಸಿಗೆ ಅದು ಮನೆ ಬಿಡಬೇಕು. ಸಾಧ್ಯವಾದರೆ ಜಿಲ್ಲೆಯ ನವೋದಯಕ್ಕೆ ಒಮ್ಮೆ ಕರೆದೊಯ್ದು ಮೈದಾನ, ವಸತಿ ನಿಲಯ, ಊಟದ ಮನೆ ತೋರಿಸಿ ಬರಬೇಕು. ಅಲ್ಲಿ ಓದುತ್ತಿರುವ ಊರಿನ ಮಕ್ಕಳು ರಜೆಗೆ ಬಂದಾಗ ಅವರೊಡನೆ ಮಾತಾಡಿಸಬೇಕು. ತನ್ನ ಬಟ್ಟೆ ತಾನೇ ಒಗೆಯುವುದು, ಹಾಸಿಗೆ ಮಡಿಸುವುದು, ತಟ್ಟೆಗೆ ಬಡಿಸಿದ್ದನ್ನು ಉಣ್ಣುವುದು, ಜ್ವರ ಬಂದರೆ ದೊಡ್ಡವರಿಗೆ ಹೇಳುವುದು ಇವೆಲ್ಲ ತಯಾರಿಯ ಭಾಗವೇ. ಆಯ್ಕೆಯಾಗಿ ಹೋದ ಮಗು ಮೊದಲ ತಿಂಗಳಲ್ಲೇ ಮನೆ ನೆನೆದು ಸೋತು ವಾಪಸಾಗುವುದನ್ನು ಮಸಾಅ–ಲಸಾಅ ತಡೆಯಲಾರವು.

ಪೋಷಕರು ಮೊದಲೇ ತಿಳಿದಿರಬೇಕಾದ ಇನ್ನೊಂದು ಸಂಗತಿ ವಲಸೆ. ಒಂಬತ್ತನೇ ತರಗತಿಯಲ್ಲಿ 30 ಶೇಕಡಾ ಮಕ್ಕಳು ಹಿಂದಿ ಪ್ರದೇಶ ಮತ್ತು ಹಿಂದಿಯೇತರ ಪ್ರದೇಶದ ಶಾಲೆಗಳ ನಡುವೆ ಒಂದು ವರ್ಷಕ್ಕೆ ಅದಲುಬದಲಾಗುತ್ತಾರೆ. ಕರ್ನಾಟಕದ ಮಗು ಉತ್ತರದ ರಾಜ್ಯವೊಂದಕ್ಕೆ ಹೋಗಬೇಕಾಗಿ ಬರಬಹುದು. ದೇಶವನ್ನು ನೋಡುವ ದೊಡ್ಡ ಅವಕಾಶ ಇದು, ಆದರೆ ಮನೆಯವರಿಗೆ ಆ ದಿನ ಹೊಸ ಸುದ್ದಿಯಾಗಬಾರದು.

ಪರೀಕ್ಷೆಯ ದಿನ ಮತ್ತು ನಂತರ

ಪ್ರವೇಶಪತ್ರವನ್ನು ಆನ್‌ಲೈನ್‌ನಲ್ಲಿ ಇಳಿಸಿಕೊಂಡು ಎರಡು ಪ್ರತಿ ಇಟ್ಟುಕೊಳ್ಳಬೇಕು. ಕೇಂದ್ರ ಬೇರೆ ಊರಿನಲ್ಲಿದ್ದರೆ ಹಿಂದಿನ ವಾರವೇ ಹೋಗಿ ಜಾಗ ನೋಡಿ ಬರುವುದು ಒಳಿತು. ಪರೀಕ್ಷೆಯ ದಿನದ ಬೆಳಗಿನ ಬಸ್ಸನ್ನು ನಂಬಿ ಹೊರಟು ತಡವಾದರೆ ಒಳಗೆ ಬಿಡುವುದಿಲ್ಲ. ಬೆಳಿಗ್ಗೆ ರೂಢಿಯ ತಿಂಡಿಯೇ ಇರಲಿ. ಎರಡು ಪೆನ್ನು, ಪ್ರವೇಶಪತ್ರ, ನೀರು ಇಷ್ಟು ಸಾಕು. ಗೇಟಿನ ಮುಂದೆ ಕೊನೆಯ ಗಳಿಗೆಯ ಸೂತ್ರ ಹೇಳಿಕೊಡಬಾರದು. ಹೊರಗೆ ಬಂದ ಮೇಲೆ ಉತ್ತರಗಳ ವಿಚಾರಣೆಯನ್ನೂ ಮಾಡಬಾರದು, ಹಸಿದ ಮಗುವಿಗೆ ಊಟ ಕೊಡಿಸಬೇಕು.

ನವೋದಯವೊಂದನ್ನೇ ನಂಬಿ ಕೂರುವುದು ಸರಿಯಲ್ಲ. ಇದೇ ತಯಾರಿಗೆ ಸ್ವಲ್ಪ ಸೇರಿಸಿದರೆ ರಾಜ್ಯದ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ಮುಂತಾದ ವಸತಿ ಶಾಲೆಗಳ ಆರನೇ ತರಗತಿಯ ಪ್ರವೇಶ ಪರೀಕ್ಷೆಯನ್ನೂ ಆದರ್ಶ ವಿದ್ಯಾಲಯದ ಪರೀಕ್ಷೆಯನ್ನೂ ಬರೆಸಬಹುದು. ವಸತಿ ಶಾಲೆಗಳ ಪರೀಕ್ಷೆಯಲ್ಲಿ ವಿಜ್ಞಾನ, ಸಮಾಜ ವಿಜ್ಞಾನ, ಇಂಗ್ಲಿಷ್ ಕೂಡ ಇರುತ್ತವೆ, ಅದಕ್ಕೆ ಶಾಲೆಯ ಪಠ್ಯಪುಸ್ತಕಗಳೇ ಆಧಾರ. ವಿಜಯಪುರ ಮತ್ತು ಕೊಡಗಿನ ಸೈನಿಕ ಶಾಲೆಗಳಿಗೆ ರಾಷ್ಟ್ರಮಟ್ಟದ ಪರೀಕ್ಷೆ. 300 ಅಂಕಗಳಲ್ಲಿ ಗಣಿತಕ್ಕೇ 150, ಆದ್ದರಿಂದ ಅದಕ್ಕೆ ಗಣಿತದ ತಯಾರಿ ಇನ್ನೂ ಗಟ್ಟಿಯಾಗಬೇಕು.

ನವೋದಯದ ಮೊದಲ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ದಾಖಲೆ ಸರಿಯಿಲ್ಲದೆ ಅಥವಾ ಬೇಡವೆಂದು ಬಿಟ್ಟವರ ಸೀಟುಗಳಿಗೆ ಮುಂದಿನ ಪಟ್ಟಿಗಳು ಬರುತ್ತವೆ. ಆದ್ದರಿಂದ ಅರ್ಜಿಯಲ್ಲಿ ಕೊಟ್ಟ ಮೊಬೈಲ್ ಸಂಖ್ಯೆಯನ್ನು ಆ ಶೈಕ್ಷಣಿಕ ವರ್ಷದ ಪ್ರವೇಶ ಮುಗಿಯುವವರೆಗೆ ಬದಲಾಯಿಸಬಾರದು. ಆಯ್ಕೆಯಾದವರು ಜನನ ಪ್ರಮಾಣಪತ್ರ, ಮೂರರಿಂದ ಐದನೇ ತರಗತಿಯ ವ್ಯಾಸಂಗ ಪ್ರಮಾಣಪತ್ರ, ಗ್ರಾಮೀಣ ಪ್ರದೇಶದ ದೃಢೀಕರಣ, ವಾಸಸ್ಥಳ ಮತ್ತು ಮೀಸಲಾತಿ ಪ್ರಮಾಣಪತ್ರ, ವೈದ್ಯಕೀಯ ಪ್ರಮಾಣಪತ್ರಗಳನ್ನು ನಿಗದಿತ ದಿನದೊಳಗೆ ವಿದ್ಯಾಲಯಕ್ಕೆ ಒಪ್ಪಿಸಬೇಕು. ಹಳೆಯ ಶಾಲೆಯಿಂದ ಟಿ.ಸಿ. ತೆಗೆಸುವುದು ಈ ಪರಿಶೀಲನೆ ಮುಗಿದು ಪ್ರವೇಶ ಖಚಿತವಾದ ಮೇಲೆಯೇ. ಆರನೇ ತರಗತಿಗೆ ಆಯ್ಕೆಯಾಗದ ಮಗು ಎಂಟನೇ ತರಗತಿಯಲ್ಲಿರುವಾಗ ಒಂಬತ್ತನೇ ತರಗತಿಯ ಖಾಲಿ ಸೀಟುಗಳಿಗಾಗಿ ನಡೆಯುವ ಪರೀಕ್ಷೆ ಬರೆಯಬಹುದು. ಅದರಲ್ಲಿ ಗಣಿತ ಮತ್ತು ವಿಜ್ಞಾನಕ್ಕೆ ತಲಾ 35, ಇಂಗ್ಲಿಷ್ ಮತ್ತು ಹಿಂದಿಗೆ ತಲಾ 15 ಅಂಕ.